ಮುಂದೆ ಹೋಗಲು ಯಾರಿಗೂ ಮನಸ್ಸಿಲ್ಲದ ರೇಸ್

ಪ್ರಶ್ನೆ: ನಾವು ಮೂಲತಃ ಧಾರವಾಡದವರು, ಈಗ ಡೊಂಬಿವಲಿಯಲ್ಲಿದ್ದೇವೆ. 2023ರಲ್ಲಿ ಮಗನ ಜೊತೆ ಹೈದರಾಬಾದಿಗೆ ಹೋಗಿ ವಿದ್ಯುತ್ ಕಾರುಗಳ ಫಾರ್ಮುಲಾ ಇ ರೇಸ್ ನೋಡಿ ಬಂದೆ, ಬಹಳ ಹಿಡಿಸಿತು. ಈಗ ಮಗ ಅಮೆರಿಕದ ಪೋರ್ಟ್‌ಲ್ಯಾಂಡ್, ಇಟಲಿಯ ಮಿಸಾನೊ ಮೊದಲಾದ ಶಾಶ್ವತ, ಅಂದರೆ ರೇಸ್‌ಗೆಂದೇ ಕಟ್ಟಿದ ಸರ್ಕ್ಯೂಟ್‌ಗಳಲ್ಲಿ ನಡೆದ ರೇಸ್‌ಗಳನ್ನು ತೋರಿಸುತ್ತಾನೆ. ಅಲ್ಲಿ ಮೊದಲ ಸ್ಥಾನದಲ್ಲಿರುವವನೇ ನೇರ ದಾರಿಯಲ್ಲಿ ಆಕ್ಸಿಲರೇಟರ್ ಬಿಟ್ಟು ಹಿಂದಿನವನಿಗೆ ದಾರಿ ಕೊಡುತ್ತಾನೆ! ಇದು ರೇಸೋ, ಕರೆಂಟ್ ಬಿಲ್ ಉಳಿಸುವ ಸ್ಪರ್ಧೆಯೋ? ನಮ್ಮ ಮನೆಯಲ್ಲೂ 40 ಯೂನಿಟ್ ಬ್ಯಾಟರಿಯ ವಿದ್ಯುತ್ ಕಾರಿದೆ. ಊರೊಳಗೆ ಚೆನ್ನಾಗಿ ಓಡುವ ಅದು ಪುಣೆಯ ಎಕ್ಸ್‌ಪ್ರೆಸ್‌ವೇ ಹತ್ತಿದೊಡನೆ ಚಾರ್ಜ್ ಕಳೆದುಕೊಳ್ಳುತ್ತದೆ. ಎರಡಕ್ಕೂ ಸಂಬಂಧವಿದೆಯೇ? ಮಗ ಹನ್ನೊಂದನೆಯ ತರಗತಿಯಲ್ಲಿದ್ದಾನೆ. ಇಂಥದ್ದನ್ನು ನಮ್ಮ ಕಡೆ ಎಲ್ಲಿಯಾದರೂ ಕಣ್ಣಾರೆ ತೋರಿಸಬಹುದೇ?

ಉತ್ತರ: ನಿಮ್ಮ ವ್ಯಂಗ್ಯದಲ್ಲಿ ಅರ್ಧಕ್ಕಿಂತ ಹೆಚ್ಚು ಸತ್ಯವಿದೆ. ಉಳಿದರ್ಧವನ್ನು ಹೇಳುವುದು ನನ್ನ ಕೆಲಸ. ಪುಣೆಯ ಕಾರ್ಖಾನೆಗಳಲ್ಲಿ ಮೋಟರ್ ಮತ್ತು ಬ್ಯಾಟರಿಗಳ ನಡುವೆಯೇ ನೌಕರಿ ಕಳೆದವನಾದ್ದರಿಂದ ಲೆಕ್ಕದಿಂದಲೇ ಶುರುಮಾಡುತ್ತೇನೆ. ಗುಣಾಕಾರ, ಭಾಗಾಕಾರ ಬಿಟ್ಟರೆ ಬೇರೇನೂ ಬೇಕಿಲ್ಲ.

ನೀವು ಹೈದರಾಬಾದಿನಲ್ಲಿ ನೋಡಿದ್ದು ಮೂರನೆಯ ತಲೆಮಾರಿನ ಕಾರು. ಒಂದು ರೇಸ್‌ನಲ್ಲಿ ಅದು ಬ್ಯಾಟರಿಯಿಂದ ತೆಗೆದುಕೊಳ್ಳಬಹುದಾದ ಶಕ್ತಿ ಹೆಚ್ಚೆಂದರೆ 38.5 ಕಿಲೋವಾಟ್ ಅವರ್, ಅಂದರೆ ನಮ್ಮ ಬಿಲ್ಲಿನ ಭಾಷೆಯಲ್ಲಿ 38.5 ಯೂನಿಟ್. ನಿಮ್ಮ ಮನೆಯ ಕಾರಿನ ಬ್ಯಾಟರಿಯೂ ಹೆಚ್ಚುಕಡಿಮೆ ಅಷ್ಟೇ ಇದೆ ಎಂಬುದನ್ನು ಗಮನಿಸಿ. ರೇಸ್ ನಡೆಯುವಾಗ ಮೋಟರಿಗೆ ಅನುಮತಿಸಿದ ಸಾಮರ್ಥ್ಯ 300 ಕಿಲೋವಾಟ್. 38.5 ಅನ್ನು 300ರಿಂದ ಭಾಗಿಸಿದರೆ ಒಂದು ಗಂಟೆಯ ಎಂಟನೆಯ ಒಂದು ಭಾಗದಷ್ಟು ಬರುತ್ತದೆ: 7 ನಿಮಿಷ 42 ಸೆಕೆಂಡ್. ಪೆಡಲನ್ನು ಪೂರ್ತಿ ಒತ್ತಿಹಿಡಿದರೆ ಆ ಕಾರಿನ ಆಯಸ್ಸು ಅಷ್ಟೇ. ರೇಸ್ ನಡೆಯುವುದೋ ಮುಕ್ಕಾಲು ಗಂಟೆಯ ಆಸುಪಾಸು. ಪೆಡಲ್ ಒತ್ತುವುದು ಎಲ್ಲರಿಗೂ ಬರುತ್ತದೆ. ಎಲ್ಲಿ ಒತ್ತಬಾರದು ಎಂಬುದರಲ್ಲೇ ಚಾಲಕರ ನಡುವಿನ ವ್ಯತ್ಯಾಸವೆಲ್ಲ ಇದೆ.

ಹಾಗಾದರೆ ಹೈದರಾಬಾದಿನಲ್ಲಿ ಇದು ಏಕೆ ಕಾಣಲಿಲ್ಲ? ಅಲ್ಲಿಯೂ ಇತ್ತು, ಕಣ್ಣಿಗೆ ಬೀಳಲಿಲ್ಲ ಅಷ್ಟೇ. ಹುಸೇನ್ ಸಾಗರದ ದಂಡೆಯ ಮೇಲೆ 2.8 ಕಿ.ಮೀ. ಉದ್ದದ, 18 ತಿರುವುಗಳ, ಎರಡೂ ಕಡೆ ಕಾಂಕ್ರೀಟ್ ಗೋಡೆಯಿದ್ದ ಬೀದಿ ಟ್ರ್ಯಾಕ್ ಅದು. ದಾರಿ ಕಿರಿದಾದಷ್ಟೂ ಮುಂದಿರುವವನಿಗೆ ಲಾಭ, ಏಕೆಂದರೆ ಅವನನ್ನು ದಾಟುವುದು ಸುಲಭವಲ್ಲ. ಕೊನೆಯ ಸುತ್ತುಗಳಲ್ಲಿ ಜಾನ್ ಎರಿಕ್ ವರ್ನ್ ನಿಕ್ ಕ್ಯಾಸಿಡಿಯನ್ನು ಹಿಂದೆಯೇ ಕಟ್ಟಿಹಾಕಿ ಅರ್ಧ ಸೆಕೆಂಡಿಗಿಂತ ಕಡಿಮೆ ಅಂತರದಲ್ಲಿ ಗೆದ್ದದ್ದು ನಿಮಗೆ ನೆನಪಿರಬಹುದು. ಅದೇ ಇಬ್ಬರು, ಅದೇ ಕಾರುಗಳು ಅಗಲವಾದ ಟ್ರ್ಯಾಕಿನಲ್ಲಿ ಓಡಿದ್ದರೆ ಆ ಗೋಡೆಗಾರಿಕೆ ಇಷ್ಟು ಹೊತ್ತು ನಡೆಯುತ್ತಿರಲಿಲ್ಲ.

ಶಾಶ್ವತ ಸರ್ಕ್ಯೂಟ್‌ನಲ್ಲಿ ಎದುರಾಳಿ ಗಾಳಿ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ, ಆ ತಡೆಯನ್ನು ಮೀರಲು ಬೇಕಾದ ಸಾಮರ್ಥ್ಯ ಎಂಟು ಪಟ್ಟು. ಉದ್ದನೆಯ ನೇರ ದಾರಿಗಳೂ ವೇಗ ತಗ್ಗಿಸಬೇಕಿಲ್ಲದ ತಿರುವುಗಳೂ ಹೆಚ್ಚಿರುವ ಕಡೆ ಬ್ಯಾಟರಿಯ ಬಹುಪಾಲು ಗಾಳಿಯ ಪಾಲಾಗುತ್ತದೆ. ಇಲ್ಲೊಂದು ಸೂಕ್ಷ್ಮವಿದೆ. ಕಾರಿಗೆ ವೇಗ ಬರಿಸಲು ಹಾಕಿದ ಶಕ್ತಿ ಬ್ಯಾಂಕಿನ ಠೇವಣಿ ಇದ್ದಂತೆ, ಬ್ರೇಕ್ ಹಾಕುವಾಗ ಒಂದು ಪಾಲು ಕಡಿತವಾಗಿ ವಾಪಸು ಬರುತ್ತದೆ. ಗಾಳಿಯನ್ನು ಸೀಳಲು ಹಾಕಿದ್ದು ಮಾತ್ರ ಖರ್ಚು. ಮರಳಿ ಬರುವ ಪ್ರಶ್ನೆಯೇ ಇಲ್ಲ.

ಆ ವಾಪಸಾತಿ ಹೇಗೆ ನಡೆಯುತ್ತದೆ ಎಂಬುದನ್ನು ಒಂದೇ ಒಂದು ತಿರುವಿನಲ್ಲಿ ನೋಡೋಣ. ಚಾಲಕನೂ ಸೇರಿ ಕಾರಿನ ತೂಕ ಸುಮಾರು 850 ಕೆ.ಜಿ. ನೇರ ದಾರಿಯ ತುದಿಯಲ್ಲಿ ಗಂಟೆಗೆ 250 ಕಿ.ಮೀ. ವೇಗದಲ್ಲಿದ್ದು, ಮುಂದಿನ ತಿರುವಿಗೆ 80ಕ್ಕೆ ಇಳಿಯಬೇಕು ಎಂದುಕೊಳ್ಳಿ. ಮಗನ ಭೌತಶಾಸ್ತ್ರದ ಪುಸ್ತಕದಲ್ಲಿರುವ ಚಲನಶಕ್ತಿಯ ಸೂತ್ರದಲ್ಲಿ ಈ ಅಂಕಿಗಳನ್ನು ಹಾಕಿಸಿ. ವ್ಯತ್ಯಾಸ ಸುಮಾರು ಅರ್ಧ ಯೂನಿಟ್ ಬರುತ್ತದೆ. ಮುಂದಿನ ಮೋಟರ್ 250 ಕಿಲೋವಾಟ್, ಹಿಂದಿನದು 350, ಎರಡೂ ಸೇರಿ 600 ಕಿಲೋವಾಟ್ ಪ್ರಮಾಣದಲ್ಲಿ ವಿದ್ಯುತ್ತನ್ನು ಬ್ಯಾಟರಿಗೆ ಹಿಂತಿರುಗಿಸಬಲ್ಲವು. ಅರ್ಧ ಯೂನಿಟ್ಟನ್ನು ಆ ದರದಲ್ಲಿ ಹೀರಲು ಬೇಕಾದ ಸಮಯ ಮೂರೇ ಮೂರು ಸೆಕೆಂಡ್. ಹಿಂದಿನ ಚಕ್ರಗಳಿಗೆ ಮಾಮೂಲಿ ಹೈಡ್ರಾಲಿಕ್ ಬ್ರೇಕ್ ಕೂಡ ಇಲ್ಲ, ತುರ್ತಿಗೆಂದು ಬೇರೊಂದು ವ್ಯವಸ್ಥೆ ಇದೆ. ಗಾಳಿ, ಟೈರುಗಳ ಪಾಲು ಕಳೆದು, ಬಿಸಿಯಾಗಿ ಹೋದದ್ದು ಹೋಗಿ ಕೈಗೆ ಹತ್ತುವುದು ಅರ್ಧ ಯೂನಿಟ್‌ಗಿಂತ ಕಡಿಮೆಯೇ. ಆದರೂ ರೇಸ್‌ನಲ್ಲಿ ಬಳಸುವ ಶಕ್ತಿಯಲ್ಲಿ ಸುಮಾರು 40 ಪ್ರತಿಶತ ಹೀಗೆ ಬ್ರೇಕಿನಿಂದಲೇ ಹುಟ್ಟುತ್ತದೆ ಎಂಬುದು ಫಾರ್ಮುಲಾ ಇ ಸಂಘಟಕರ ಲೆಕ್ಕ.

ಈಗ ನಿಮಗೆ ಕೋಪ ಬರಿಸಿದ ದೃಶ್ಯಕ್ಕೆ ಬರೋಣ. ನೇರ ದಾರಿ ಮುಗಿಯುವುದಕ್ಕೆ ಎಷ್ಟೋ ಮುಂಚೆ ಚಾಲಕ ಪೆಡಲಿನಿಂದ ಕಾಲು ತೆಗೆದು ಕಾರನ್ನು ಅದರ ಪಾಡಿಗೆ ಉರುಳಲು ಬಿಡುತ್ತಾನೆ. ನೇರ ದಾರಿಯ ಕಟ್ಟಕಡೆಯ 100 ಮೀಟರ್ ಅತಿ ದುಬಾರಿಯಾದದ್ದು. ಆಗಲೇ ಬಂದಿರುವ ವೇಗದ ಮೇಲೆ ಇನ್ನಷ್ಟು ಸೇರಿಸಲು ಗಾಳಿಗೆ ಬೆಲೆ ತೆರಬೇಕು, ಸೇರಿಸಿದ ಮರುಕ್ಷಣವೇ ಬ್ರೇಕ್ ಹಾಕಬೇಕು. ಅದನ್ನು ಬಿಟ್ಟುಕೊಟ್ಟರೆ ಹೋಗುವ ಸಮಯ ಅತ್ಯಲ್ಪ, ಉಳಿಯುವ ಶಕ್ತಿ ಬಹಳ. ಇದಕ್ಕಿಂತ ಅಗ್ಗದ ಉಪಾಯವೆಂದರೆ ಇನ್ನೊಬ್ಬನ ಹಿಂದೆ ಅಂಟಿಕೊಳ್ಳುವುದು. ಮುಂದಿನ ಕಾರು ಗಾಳಿಯನ್ನು ಸೀಳಿಕೊಡುತ್ತದೆ, ಹಿಂದಿನವನು ಕಡಿಮೆ ಶಕ್ತಿಯಲ್ಲಿ ಅದೇ ವೇಗದಲ್ಲಿ ಹೋಗುತ್ತಾನೆ. ಗೋಡೆಗಳಿಲ್ಲದ ಅಗಲವಾದ ಟ್ರ್ಯಾಕಿನಲ್ಲಿ ಬೇಕಾದಾಗ ದಾಟಬಹುದು ಎಂಬ ಧೈರ್ಯವೂ ಇರುತ್ತದೆ. ಹೀಗಿರುವಾಗ ಇಪ್ಪತ್ತು ಮಂದಿಗಾಗಿ ಗಾಳಿ ಸೀಳುವ ಪುಕ್ಕಟೆ ಸೇವೆಯನ್ನು ಯಾರು ತಾನೇ ಮಾಡಿಯಾರು? ಅದಕ್ಕೇ ಮುಂದಿರುವವನು ಕೈಬೀಸಿ ಕರೆದು ಹಿಂದಿನವನನ್ನು ಮುಂದೆ ಕಳುಹಿಸುತ್ತಾನೆ.

ಪೋರ್ಟ್‌ಲ್ಯಾಂಡ್‌ನಲ್ಲಿ 2023ರ ಜೂನ್‌ನಲ್ಲಿ ಇದು ತುದಿ ಮುಟ್ಟಿತು. ಓವರ್‌ಟೇಕ್‌ಗಳ ಎಣಿಕೆ 400 ದಾಟಿತು ಎಂದು ಸಂಘಟಕರು ಹಿಗ್ಗಿದರು. ನನಗೆ ಆ ಅಂಕಿ ರುಚಿಸುವುದಿಲ್ಲ. ಎದುರಿನವನು ತಾನಾಗಿ ಜಾಗ ಬಿಟ್ಟಾಗ ಆದ ಓವರ್‌ಟೇಕನ್ನೂ, ಬ್ರೇಕಿನ ಕೊನೆಯ ಕ್ಷಣದವರೆಗೆ ಹೋರಾಡಿ ಕಸಿದುಕೊಂಡದ್ದನ್ನೂ ಒಂದೇ ತಕ್ಕಡಿಯಲ್ಲಿ ಹಾಕಿ ತೂಗುವುದು ನ್ಯಾಯವಲ್ಲ. ಆ ದಿನದ ನಿಜವಾದ ಕಥೆ ಬೇರೆ: ಹತ್ತನೆಯ ಸ್ಥಾನದಿಂದ ಹೊರಟ ಕ್ಯಾಸಿಡಿ ಗೆದ್ದ. ಗುಂಪಿನ ನಡುವೆ ಇದ್ದುಕೊಂಡು, ಬೇರೆಯವರಿಗಿಂತ ಸ್ವಲ್ಪ ಹೆಚ್ಚು ಚಾರ್ಜ್ ಉಳಿಸಿಕೊಂಡು, ಸರಿಯಾದ ಸುತ್ತಿನಲ್ಲಿ ಅದನ್ನು ಖರ್ಚುಮಾಡಿದ. ಇನ್ನೊಮ್ಮೆ ಆ ರೇಸ್ ನೋಡುವಾಗ ಮೊದಲ ಸ್ಥಾನದಲ್ಲಿ ಯಾರಿದ್ದಾರೆ ಎಂಬುದನ್ನು ಮರೆತು, ಅವನೊಬ್ಬನ ಮೇಲೆಯೇ ಕಣ್ಣಿಟ್ಟು ನೋಡಿ.

ಇದು ಬರೀ ಜಿಪುಣತನ ಎಂದುಕೊಂಡರೆ ಲೆಕ್ಕ ತಪ್ಪಿದವರ ಗತಿಯನ್ನು ನೋಡಬೇಕು. 2024ರ ಏಪ್ರಿಲ್‌ನಲ್ಲಿ ಇಟಲಿಯ ಮಿಸಾನೊದಲ್ಲಿ ಶನಿವಾರ ಒಂದು, ಭಾನುವಾರ ಒಂದು ರೇಸ್ ಇತ್ತು. ಶನಿವಾರ ಮೊದಲು ಗುರಿ ಮುಟ್ಟಿದವನು ಅಂಟೋನಿಯೊ ಫೆಲಿಕ್ಸ್ ಡ ಕೋಸ್ಟಾ. ಆಮೇಲಿನ ತಪಾಸಣೆಯಲ್ಲಿ ಅವನ ಕಾರಿನ ಆಕ್ಸಿಲರೇಟರ್ ಪೆಡಲಿನ ಒಂದು ಸ್ಪ್ರಿಂಗ್ ನೋಂದಾಯಿತ ಬಿಡಿಭಾಗಗಳ ಪಟ್ಟಿಯಲ್ಲಿಲ್ಲ ಎಂದಾಗಿ ಗೆಲುವು ಆಲಿವರ್ ರೋಲಂಡ್ ಪಾಲಾಯಿತು. ಭಾನುವಾರವೂ ರೋಲಂಡ್ ಮುಂದಿದ್ದ. ಕೊನೆಯ ಸುತ್ತಿನಲ್ಲಿ ಅವನ ಕಾರಿನ ಚಾರ್ಜ್ ಮುಗಿಯಿತು. ಪಾಸ್ಕಲ್ ವೇರ್ಲೈನ್ ಗೆದ್ದ. ಇಪ್ಪತ್ತನಾಲ್ಕು ಗಂಟೆಯೊಳಗೆ ಒಬ್ಬನೇ ಚಾಲಕನಿಗೆ ಸಿಕ್ಕದ್ದು, ಕೈಜಾರಿದ್ದು ಎರಡೂ! ಆ ವಾರಾಂತ್ಯವನ್ನು ಎರಡೂ ದಿನ ಸೇರಿಸಿ ನೋಡಿದರೆ ಈ ಕ್ರೀಡೆಯ ಸ್ವಭಾವ ಪೂರ್ತಿ ತಿಳಿಯುತ್ತದೆ.

ಇದಕ್ಕಿಂತ ದೊಡ್ಡ ಅವಾಂತರ 2021ರ ಏಪ್ರಿಲ್ 24ರಂದು ಸ್ಪೇನಿನ ವೆಲೆನ್ಸಿಯಾದಲ್ಲಿ ನಡೆದಿತ್ತು. ಅದೂ ಶಾಶ್ವತ ಸರ್ಕ್ಯೂಟ್, ಮೋಟಾರ್‌ಸೈಕಲ್ ರೇಸ್‌ಗೆ ಹೆಸರಾದ ರಿಕಾರ್ಡೊ ಟಾರ್ಮೊ. ಆಗಿನ ನಿಯಮದ ಪ್ರಕಾರ ರೇಸ್ 45 ನಿಮಿಷ, ಅದರ ಮೇಲೆ ಒಂದು ಸುತ್ತು. ಅಪಘಾತವಾಗಿ, ಎಲ್ಲರನ್ನೂ ತನ್ನ ಹಿಂದೆ ನಿಧಾನವಾಗಿ ಓಡಿಸುವ ಸೇಫ್ಟಿ ಕಾರು ಬಂದರೆ, ನಿಧಾನವಾಗಿ ಓಡಿದ್ದಕ್ಕೆ ಪ್ರತಿಯಾಗಿ ಎಲ್ಲರ ಶಕ್ತಿಯ ಪಾಲಿನಿಂದ ಒಂದಷ್ಟನ್ನು ಕಡಿತ ಮಾಡುತ್ತಿದ್ದರು. ಮಳೆ ಬಿದ್ದು ಸೇಫ್ಟಿ ಕಾರು ಮತ್ತೆ ಮತ್ತೆ ಬಂತು, ಕಡಿತ ಬೆಳೆಯುತ್ತ ಹೋಯಿತು. ಕೊನೆಗೆ ರೇಸ್ ಮತ್ತೆ ಆರಂಭವಾದಾಗ ಮುಂದಿದ್ದ ಡ ಕೋಸ್ಟಾ ಸಮಯ ಮುಗಿಯಲು ಕೆಲವೇ ಸೆಕೆಂಡ್ ಇರುವಾಗ ಗೆರೆ ದಾಟಿಬಿಟ್ಟ. ಹಾಗಾಗಿ ಒಂದರ ಬದಲು ಎರಡು ಸುತ್ತು ಓಡಬೇಕಾಯಿತು. ಅಷ್ಟಕ್ಕೆ ಸಾಕಾಗುವ ಶಕ್ತಿ ಹೆಚ್ಚಿನವರ ಬಳಿ ಇರಲಿಲ್ಲ. ಕಾರುಗಳು ಒಂದೊಂದಾಗಿ ಟ್ರ್ಯಾಕಿನಲ್ಲೇ ನಿಂತವು, ಕೆಲವು ತೆವಳುತ್ತ ಬಂದವು. ಮರ್ಸಿಡಿಸ್‌ನ ನಿಕ್ ಡ ವ್ರೀಸ್ ಗೆದ್ದ. ಜಗತ್ತು ನಕ್ಕಿತು, ನಗಬೇಕಾದದ್ದೂ ಸರಿಯೇ. ಮುಂದೆ ನಿಯಮ ಬದಲಾಯಿತು: 2023ರಿಂದ ಸಮಯದ ಬದಲು ಸುತ್ತುಗಳ ಲೆಕ್ಕ, ಸೇಫ್ಟಿ ಕಾರು ಬಂದರೆ ಶಕ್ತಿ ಕಳೆಯುವ ಬದಲು ಸುತ್ತು ಸೇರಿಸುವ ಪದ್ಧತಿ.

ಹೀಗೆಲ್ಲ ಆದರೂ ಶಾಶ್ವತ ಸರ್ಕ್ಯೂಟ್‌ಗೆ ಏಕೆ ಹೋಗುತ್ತಾರೆ ಎಂದು ನೀವು ಕೇಳಬಹುದು. 2014ರ ಸೆಪ್ಟೆಂಬರ್ 13ರಂದು ಬೀಜಿಂಗ್‌ನಲ್ಲಿ ಮೊದಲ ರೇಸ್ ನಡೆದಾಗ ಒಂದು ಬ್ಯಾಟರಿ ಇಡೀ ರೇಸ್‌ಗೆ ಸಾಲುತ್ತಿರಲಿಲ್ಲ. ಚಾಲಕರು ನಡುವೆ ಕಾರಿನಿಂದಿಳಿದು ಓಡಿಹೋಗಿ ಇನ್ನೊಂದು ಕಾರು ಹತ್ತುತ್ತಿದ್ದರು. ಆ ಕಾರುಗಳಿಗೆ ಊರಿನ ಬೀದಿ ಸಾಕಾಗಿತ್ತು. ಈಗಿನ ಕಾರು, ರೇಸ್‌ನಲ್ಲಿ ಯಾರು ಯಾವ ಸ್ಥಾನದಿಂದ ಹೊರಡಬೇಕೆಂದು ನಿರ್ಧರಿಸುವ ಅರ್ಹತಾ ಸುತ್ತಿನಲ್ಲಿ 350 ಕಿಲೋವಾಟ್ ಬಳಸುತ್ತದೆ, ಬರಲಿರುವ ನಾಲ್ಕನೆಯ ತಲೆಮಾರಿನದು 600ರವರೆಗೆ ಹೋಗುತ್ತದೆ. ಅಷ್ಟು ಬಲವನ್ನು ಬಸ್ ನಿಲ್ದಾಣದ ಪಕ್ಕದ ರಸ್ತೆಯಲ್ಲಿ ಬಿಡಲಾಗದು. ಬೀದಿ ಟ್ರ್ಯಾಕಿಗೆ ಪ್ರತಿವರ್ಷ ಗೋಡೆ, ಬೇಲಿ, ಗ್ಯಾಲರಿ ಕಟ್ಟಿ ಬಿಚ್ಚಬೇಕು, ಊರಿನ ಸಂಚಾರ ನಿಲ್ಲಿಸಬೇಕು, ಎಲ್ಲಕ್ಕಿಂತ ಮೇಲಾಗಿ ಆಳುವವರ ಕೃಪೆ ಬೇಕು. ತೆಲಂಗಾಣದಲ್ಲಿ ಸರ್ಕಾರ ಬದಲಾದ ಮೇಲೆ 2024ರ ಹೈದರಾಬಾದ್ ರೇಸ್ ರದ್ದಾದದ್ದು ನಿಮಗೆ ಗೊತ್ತೇ ಇದೆ.

ಆದ್ದರಿಂದ ಸಂಘಟಕರು ದೊಡ್ಡ ಸರ್ಕ್ಯೂಟನ್ನು ಇದ್ದ ಹಾಗೆಯೇ ಬಳಸದೆ ಕತ್ತರಿಸಿ ಹೊಲಿಯುತ್ತಾರೆ. ಐದೂವರೆ ಕಿ.ಮೀ.ಗೆ ಸಮೀಪವಿರುವ ಶಾಂಘೈ ಸರ್ಕ್ಯೂಟನ್ನು ಸುಮಾರು ಮೂರಕ್ಕೆ ಇಳಿಸಿದರು. ವೆಲೆನ್ಸಿಯಾದಲ್ಲಿ ನೇರ ದಾರಿಯ ಮೇಲೆ ಹೊಸದಾಗಿ ಒಂದು ಶಿಕೇನ್, ಅಂದರೆ ಎಡ ಬಲಕ್ಕೆ ತಿರುಗಿಸಿ ವೇಗ ತಗ್ಗಿಸುವ ಅಡ್ಡಿ ಇಟ್ಟರು. ಉದ್ದೇಶ ಒಂದೇ: ಗಟ್ಟಿಯಾಗಿ ಬ್ರೇಕ್ ಹಾಕುವ ಜಾಗಗಳು ಹೆಚ್ಚಬೇಕು. ಈ ದರ್ಜಿ ಕೆಲಸ ಚೆನ್ನಾಗಿ ಕೂತಿರುವುದು ನನ್ನ ದೃಷ್ಟಿಯಲ್ಲಿ ಮೆಕ್ಸಿಕೊ ನಗರದಲ್ಲಿ. ಅಲ್ಲಿ ಗುಂಪೂ ಇರುತ್ತದೆ, ಮುಂದಿರುವುದಕ್ಕೂ ಬೆಲೆಯಿರುತ್ತದೆ. ಪೋರ್ಟ್‌ಲ್ಯಾಂಡ್ ಮಾದರಿಯೇ ಮುಂದುವರಿದರೆ ಸಾಮಾನ್ಯ ಪ್ರೇಕ್ಷಕರು ನಿಮ್ಮಂತೆಯೇ ಗೊಣಗುತ್ತಾರೆ, ನಾನು ಅವರನ್ನು ತಪ್ಪು ಎನ್ನಲಾರೆ.

ವಾರಾಂತ್ಯವನ್ನು ನೋಡುವ ಕ್ರಮದ ಬಗ್ಗೆ ಎರಡು ಮಾತು. ಶುದ್ಧ ವೇಗ ಬೇಕಿದ್ದರೆ ಅರ್ಹತಾ ಸುತ್ತನ್ನು ತಪ್ಪಿಸಬೇಡಿ. ಗುಂಪುಗಳಲ್ಲಿ ಮೇಲೆ ಬಂದ ಎಂಟು ಮಂದಿ ಇಬ್ಬಿಬ್ಬರಾಗಿ ಎದುರುಬದುರಾಗುತ್ತಾರೆ. ಅಲ್ಲಿ ಉಳಿತಾಯದ ಮಾತೇ ಇಲ್ಲ. ರೇಸ್ ಶುರುವಾದ ಮೇಲೆ ಪರದೆಯ ಮೇಲೆ ಸ್ಥಾನದ ಪಕ್ಕದಲ್ಲಿ ಬರುವ ಶಕ್ತಿಯ ಪ್ರತಿಶತವನ್ನು ನೋಡಿ. ಮೂರನೆಯವನ ಬಳಿ 41, ಎಂಟನೆಯವನ ಬಳಿ 44 ಇದ್ದರೆ ಎಂಟನೆಯವನೇ ಮುಂದಿದ್ದಾನೆ ಎಂದು ತಿಳಿಯಿರಿ. ವೀಕ್ಷಕ ವಿವರಣೆಕಾರರು ಇದನ್ನು ಬಿಟ್ಟು ಸ್ಥಾನದ ಬಗ್ಗೆಯೇ ಕಿರುಚುತ್ತಾರೆ, ಅದೊಂದು ಕಿರಿಕಿರಿ. ಅಟ್ಯಾಕ್ ಮೋಡ್ ಯಾರು ಯಾವಾಗ ತೆಗೆದುಕೊಂಡರು ಎಂಬುದೂ ಮುಖ್ಯ: ಕಾರು ಮಾಮೂಲಿ ದಾರಿ ಬಿಟ್ಟು ಹೊರಬದಿಯ ಪಟ್ಟಿಯ ಮೇಲೆ ಹಾದುಹೋದರೆ ಕೆಲ ನಿಮಿಷ 350 ಕಿಲೋವಾಟ್ ಸಿಗುತ್ತದೆ. ಹೆಚ್ಚುವರಿ ಬಲ ಸಿಗುತ್ತದೆಯೇ ಹೊರತು ಹೆಚ್ಚುವರಿ ಯೂನಿಟ್ ಸಿಗುವುದಿಲ್ಲ. ಯೂನಿಟ್ ಸಿಗುವುದು 2025ರ ಫೆಬ್ರವರಿಯಲ್ಲಿ ಜೆದ್ದಾದಿಂದ ಆರಂಭವಾದ ಪಿಟ್ ಬೂಸ್ಟ್‌ನಲ್ಲಿ. ಆ ನಿಯಮವಿರುವ ರೇಸ್‌ಗಳಲ್ಲಿ ಪ್ರತಿಯೊಬ್ಬರೂ ಪಿಟ್‌ಗೆ, ಅಂದರೆ ಟ್ರ್ಯಾಕಿನ ಪಕ್ಕದಲ್ಲಿ ತಂಡದವರು ನಿಂತಿರುವ ಜಾಗಕ್ಕೆ ಬಂದು 30 ಸೆಕೆಂಡ್ ಚಾರ್ಜ್ ಮಾಡಿಕೊಂಡು 3.85 ಯೂನಿಟ್ ತುಂಬಿಸಿಕೊಳ್ಳುತ್ತಾರೆ.

ಇನ್ನು ನಿಮ್ಮ ಕಾರು. ಡೊಂಬಿವಲಿಯ ದಟ್ಟಣೆಯಲ್ಲಿ ನೀವು ಮಾಡುವುದೆಲ್ಲ ಠೇವಣಿ ವ್ಯವಹಾರ: ವೇಗ ಹಿಡಿದು, ಬ್ರೇಕ್ ಹಾಕಿ, ಸ್ವಲ್ಪ ವಾಪಸು ಪಡೆಯುವುದು. ಎಕ್ಸ್‌ಪ್ರೆಸ್‌ವೇಯಲ್ಲಿ 60ರ ಬದಲು 100ರಲ್ಲಿ ಹೋದರೆ ಗಾಳಿಯ ತಡೆ ಸುಮಾರು 2.8 ಪಟ್ಟಾಗುತ್ತದೆ, ಬ್ರೇಕ್ ಹಾಕುವ ಪ್ರಸಂಗವೇ ಬರುವುದಿಲ್ಲ. ನಿಮ್ಮದು ಪೋರ್ಟ್‌ಲ್ಯಾಂಡ್‌ನ ಕಷ್ಟವೇ. ಅದರ ಮೇಲೆ ಬೋರ್ ಘಾಟ್. ಖೋಪೋಲಿಯಿಂದ ಲೋಣಾವಳಕ್ಕೆ 550 ಮೀಟರಿನಷ್ಟು ಎತ್ತರ ಏರಬೇಕು. ಜನ, ಸಾಮಾನು ಸೇರಿ ಕಾರು 1700 ಕೆ.ಜಿ. ಇದ್ದರೆ ಬರೀ ಏರುವುದಕ್ಕೇ ಎರಡೂವರೆ ಯೂನಿಟ್ ಬೇಕು. ಇಳಿಯುವಾಗ ಇದರಲ್ಲಿ ಒಂದೂವರೆ ಯೂನಿಟ್ ವಾಪಸಾದರೂ ದೊಡ್ಡದು, ಅದೂ ಬ್ಯಾಟರಿಯಲ್ಲಿ ಜಾಗವಿದ್ದರೆ ಮಾತ್ರ. ಲೋಣಾವಳದಲ್ಲಿ ರಾತ್ರಿ ತಂಗಿ 100 ಪ್ರತಿಶತ ಚಾರ್ಜ್ ಮಾಡಿಕೊಂಡು ಬೆಳಿಗ್ಗೆ ಘಾಟ್ ಇಳಿಯುವುದು ದಂಡ. ತುಂಬಿದ ಬ್ಯಾಟರಿ ಹೊಸದಾಗಿ ಏನನ್ನೂ ತೆಗೆದುಕೊಳ್ಳುವುದಿಲ್ಲ, ಇಳಿಜಾರಿನ ಭಾರವೆಲ್ಲ ಮಾಮೂಲಿ ಬ್ರೇಕಿನ ಮೇಲೆ ಬೀಳುತ್ತದೆ. 90ಕ್ಕೆ ನಿಲ್ಲಿಸಿ ಹೊರಡಿ. ಸಪಾಟು ದಾರಿಯಲ್ಲಿ 100ರ ಬದಲು 85ರಲ್ಲಿ ಹೋದರೆ ಗಾಳಿಯ ಖರ್ಚು ಕಾಲುಭಾಗಕ್ಕಿಂತ ಹೆಚ್ಚು ತಗ್ಗುತ್ತದೆ. ರೇಸ್ ನೋಡಿದ ಉತ್ಸಾಹದಲ್ಲಿ ಮಗ ಲಾರಿಯ ಹಿಂದೆ ಅಂಟಿಕೊಂಡು ಹೋಗೋಣ ಎಂದರೆ ಮಾತ್ರ ಗದರಿಸಿ. ಲಾರಿ ಚಾಲಕನಿಗೆ ನೀವು ಕಾಣುವುದಿಲ್ಲ, ನಿಮಗೆ ಮುಂದಿನ ರಸ್ತೆ ಕಾಣುವುದಿಲ್ಲ.

ಕೊನೆಯ ಪ್ರಶ್ನೆ. ಮುಂಬಯಿ, ಪುಣೆ, ಗೋವಾಗಳ ಸುತ್ತ ಅಂತರರಾಷ್ಟ್ರೀಯ ದರ್ಜೆಯ ಶಾಶ್ವತ ಸರ್ಕ್ಯೂಟ್ ಇಲ್ಲ. ಇದು ಬೇಸರದ ಸಂಗತಿ, ಏಕೆಂದರೆ ಫಾರ್ಮುಲಾ ಇಯಲ್ಲಿ ಮುಂಬಯಿಯ ಹೆಜ್ಜೆಗುರುತು ಸಣ್ಣದಲ್ಲ. ಮಹೀಂದ್ರಾ ತಂಡ ಮೊದಲ ಋತುವಿನಿಂದಲೂ ಇದೆ, 2017ರಲ್ಲಿ ಬರ್ಲಿನ್‌ನಲ್ಲಿ ಫೆಲಿಕ್ಸ್ ರೋಸೆನ್‌ಕ್ವಿಸ್ಟ್ ಅದಕ್ಕೆ ಮೊದಲ ಗೆಲುವು ತಂದುಕೊಟ್ಟ. 2023-24ರಲ್ಲಿ ತಂಡಗಳ ಪ್ರಶಸ್ತಿ ಗೆದ್ದ ಜಾಗ್ವಾರ್‌ನ ಒಡೆತನ ಟಾಟಾದ್ದು. ಅದೇ ಋತುವಿನಲ್ಲಿ ಮಾಸೆರಾಟಿ ಕಾರು ಓಡಿಸಿದ ಜೆಹಾನ್ ದಾರುವಾಲಾ ಮುಂಬಯಿಯ ಹುಡುಗ. ದುಡ್ಡಿದೆ, ಚಾಲಕರಿದ್ದಾರೆ, ಎಂಜಿನಿಯರ್‌ಗಳಿದ್ದಾರೆ, ನೆಲವೊಂದಿಲ್ಲ.

ಆದರೆ ನಿಮ್ಮ ಮಗನಿಗೆ ಬೇಕಾದದ್ದು ಹತ್ತಿರದಲ್ಲೇ ಇದೆ. ಪೊವಾಯಿಯ ಐಐಟಿ ಬಾಂಬೆಯ ವಿದ್ಯಾರ್ಥಿಗಳು ವರ್ಷಗಳಿಂದ ವಿದ್ಯುತ್ ರೇಸ್ ಕಾರು ತಾವೇ ಕಟ್ಟಿ ಇಂಗ್ಲೆಂಡಿನ ಸಿಲ್ವರ್‌ಸ್ಟೋನ್‌ನಲ್ಲಿ ನಡೆಯುವ ವಿದ್ಯಾರ್ಥಿ ಸ್ಪರ್ಧೆಗೆ ಒಯ್ದಿದ್ದಾರೆ. ನಮ್ಮಲ್ಲಿ ಅಂಥದ್ದೇ ಫಾರ್ಮುಲಾ ಭಾರತ್ ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇಯಲ್ಲಿ, ಸಾಮಾನ್ಯವಾಗಿ ಜನವರಿಯಲ್ಲಿ ನಡೆಯುತ್ತದೆ. ವಿದ್ಯುತ್ ಕಾರುಗಳಿಗೆ ಪ್ರತ್ಯೇಕ ವಿಭಾಗವಿದೆ. ಕರಿ ಎರಡು ಕಿ.ಮೀ. ಮೀರಿದ ಚಿಕ್ಕ ಶಾಶ್ವತ ಸರ್ಕ್ಯೂಟ್, ಪ್ರೇಕ್ಷಕನಿಗೆ ಕಾರು ಹತ್ತಿರದಿಂದ ಕಾಣುತ್ತದೆ. ಲೋಕಮಾನ್ಯ ತಿಲಕ್–ಕೊಯಮತ್ತೂರು ಎಕ್ಸ್‌ಪ್ರೆಸ್ ನಿಮ್ಮ ಕಲ್ಯಾಣದ ಮೂಲಕವೇ ಹೋಗುತ್ತದೆ. ಒಂದೇ ದಿನ ಬಿಡುವು ಸಿಗುವುದಾದರೆ ಎಂಡ್ಯೂರೆನ್ಸ್ ಪರೀಕ್ಷೆಯ ದಿನವನ್ನೇ ಆರಿಸಿಕೊಳ್ಳಿ. ವಿದ್ಯಾರ್ಥಿಗಳ ಕಾರುಗಳು 22 ಕಿ.ಮೀ.ನಷ್ಟು ದೂರ ಓಡಿ ಮುಗಿಸಬೇಕು, ವೇಗದ ಜೊತೆಗೆ ಎಷ್ಟು ಶಕ್ತಿ ಖರ್ಚಾಯಿತು ಎಂಬುದಕ್ಕೂ ಅಂಕವಿರುತ್ತದೆ. ಹೋಗುವ ಮುಂಚೆ ಪ್ರೇಕ್ಷಕರಿಗೆ ಯಾವ ದಿನ, ಎಲ್ಲಿಯವರೆಗೆ ಪ್ರವೇಶ ಎಂದು ಸಂಘಟಕರಿಂದ ಕೇಳಿ ತಿಳಿದುಕೊಳ್ಳಿ.